ರಾಮಕೃಷ್ಣ ಹೆಗಡೆಯವರ ರಾಜೀನಾಮೆಗಳು: ಯಾವುದಕ್ಕೆ ಎಷ್ಟು ತೂಕ?

ಪ್ರಶ್ನೆ: ನಮ್ಮೂರು ಸಿದ್ದಾಪುರದ ಹತ್ತಿರ. ಮನೆಯ ಜಗಲಿಯಲ್ಲಿ ಇಂದಿಗೂ ರಾಮಕೃಷ್ಣ ಹೆಗಡೆಯವರ ಫೋಟೊ ಇದೆ. ಮೌಲ್ಯಾಧಾರಿತ ರಾಜಕಾರಣ ಅಂದರೆ ಹೆಗಡೆ, ಆರೋಪ ಬಂದ ಕೂಡಲೇ ಕುರ್ಚಿ ಬಿಟ್ಟವರು ಅವರೊಬ್ಬರೇ ಎನ್ನುತ್ತಾರೆ ಅಪ್ಪ. ಬೆಂಗಳೂರಿನಲ್ಲಿ ಸಿಕ್ಕ ಗೆಳೆಯರು ಬೇರೆಯೇ ಹೇಳುತ್ತಾರೆ: ಮೂರು ಸಲ ರಾಜೀನಾಮೆ ಕೊಟ್ಟು ಎರಡು ಸಲ ವಾಪಸ್ ಬಂದವರು, ಫೋನ್ ಕದ್ದಾಲಿಕೆ ಮಾಡಿಸಿದವರು, ಜಮೀನು ವಿಷಯದಲ್ಲಿ ಸಿಕ್ಕಿಬಿದ್ದವರು ಎಂದು. ಯಾರ ಮಾತು ನಂಬಲಿ? ಪ್ರಧಾನಿ ಆಗಬಹುದು ಎನ್ನುವಷ್ಟು ಬೆಳೆದವರು ಕೊನೆಗೆ ಒಂಟಿಯಾಗಿದ್ದು ಏಕೆ?

ಉತ್ತರ: ಮೂರು ರಾಜೀನಾಮೆಗಳನ್ನು ಒಂದೇ ಗಂಟಿಗೆ ಕಟ್ಟಿರುವುದರಿಂದಲೇ ನಿಮ್ಮ ಮನೆಯ ವಾದ ಬಗೆಹರಿಯುತ್ತಿಲ್ಲ. 1984ರದು, 1986ರದು, 1988ರದು ಮೂರೂ ಬೇರೆ ಬೇರೆ ಕಾರಣದವು, ತೂಕವೂ ಬೇರೆ. ಇವುಗಳ ಜೊತೆಗೆ ನಿಮ್ಮ ತಂದೆಯವರೂ ಗೆಳೆಯರೂ ಲೆಕ್ಕಕ್ಕೆ ಹಿಡಿಯದ ನಾಲ್ಕನೆಯದೊಂದಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ಎತ್ತುವುದು ಅದೇ. ಆದರೆ ಒಬ್ಬ ಮುಖ್ಯಮಂತ್ರಿಯನ್ನು ಅವರು ಕುರ್ಚಿ ಬಿಟ್ಟ ದಿನಗಳಿಂದ ಅಳೆಯುವುದಕ್ಕಿಂತ, ಕುರ್ಚಿಯಲ್ಲಿದ್ದಾಗ ಯಾವ ಅಧಿಕಾರವನ್ನು ಮರಳಿ ಪಡೆಯಲಾಗದಂತೆ ಬೇರೆಯವರ ಕೈಗೆ ಕೊಟ್ಟರು, ಯಾವುದನ್ನು ಯಾರಿಗೂ ಕಾಣದಂತೆ ತಮ್ಮ ಸುತ್ತಲೇ ಇಟ್ಟುಕೊಂಡರು ಎಂದು ಕೇಳುವುದು ಮೇಲು. ಹೆಗಡೆಯವರ ವಿಷಯದಲ್ಲಿ ಎರಡಕ್ಕೂ ದೊಡ್ಡ ಉದಾಹರಣೆಗಳಿವೆ.

ಹಿನ್ನೆಲೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಅದರ ಬಹುಪಾಲು ನಿಮ್ಮ ಊರಿನವರಿಗೆ ಗೊತ್ತಿದ್ದದ್ದೇ. ಹುಟ್ಟಿದ್ದು 1926ರಲ್ಲಿ, ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿ, ಕಾಶಿಯಲ್ಲಿ ಓದು, ಲಖನೌದಲ್ಲಿ ಕಾನೂನು. 1957ರಲ್ಲಿ ಮೊದಲ ಸಲ ವಿಧಾನಸಭೆಗೆ ಬಂದರು. ಎಸ್. ನಿಜಲಿಂಗಪ್ಪನವರ ಗರಡಿಯಲ್ಲಿ ಬೆಳೆದರು. ಅವರನ್ನೂ ವೀರೇಂದ್ರ ಪಾಟೀಲರನ್ನೂ ನಿಜಲಿಂಗಪ್ಪನವರ ಲವ-ಕುಶ ಎಂದು ಕರೆಯುತ್ತಿದ್ದರು. ಹಣಕಾಸು ಖಾತೆ ಅವರಿಗೆ ಕರತಲಾಮಲಕ. ಒಟ್ಟು 13 ಬಜೆಟ್ ಮಂಡಿಸಿದರು, ಆ ದಾಖಲೆಯನ್ನು ಸಿದ್ದರಾಮಯ್ಯ ಸರಿಗಟ್ಟಿದ್ದು 2018ರಲ್ಲಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರ ಜೊತೆ ನಿಂತರು. ಹಾಗಾಗಿ ದೇವರಾಜ ಅರಸರ ಕಾಲವಿಡೀ ಅಧಿಕಾರದಿಂದ ಹೊರಗೇ ಉಳಿದರು. ತುರ್ತುಪರಿಸ್ಥಿತಿಯಲ್ಲಿ ಜೈಲು, ಆಮೇಲೆ ಜನತಾ ಪಕ್ಷದ ಪ್ರಧಾನ ಕಾರ್ಯದರ್ಶಿ, ರಾಜ್ಯಸಭೆ.

1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ನರಗುಂದ-ನವಲಗುಂದದ ರೈತರ ಸಿಟ್ಟು, ಗೋಕಾಕ್ ಚಳವಳಿ, ಗುಂಡೂರಾವ್ ಆಡಳಿತದ ಬಗೆಗಿನ ಅಸಮಾಧಾನ ಎಲ್ಲ ಸೇರಿ ಬಂದ ಫಲ ಅದು. ಜನತಾ ಪಕ್ಷ ಮತ್ತು ದೇವರಾಜ ಅರಸರು ಕಟ್ಟಿದ್ದ ಕ್ರಾಂತಿರಂಗ ಪಕ್ಷ ಕೂಡಿ 95 ಸ್ಥಾನ, ಕಾಂಗ್ರೆಸ್‌ಗೆ 82, ಬಿಜೆಪಿಗೆ 18. ಮುಖ್ಯಮಂತ್ರಿ ಸ್ಥಾನಕ್ಕೆ ಬಂಗಾರಪ್ಪ, ದೇವೇಗೌಡ, ಬೊಮ್ಮಾಯಿ ಎಲ್ಲರ ಕಣ್ಣೂ ಇತ್ತು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಮುನಿಯುವ ಸ್ಥಿತಿ. ಆಗ ಶಾಸಕರೇ ಅಲ್ಲದ ಹೆಗಡೆಯವರ ಹೆಸರು ಮುಂದೆ ಬಂತು. ಜನವರಿ 10ರಂದು ಪ್ರಮಾಣವಚನ ತೆಗೆದುಕೊಂಡರು, ಆಮೇಲೆ ಪಿ.ಜಿ.ಆರ್. ಸಿಂಧ್ಯ ತೆರವು ಮಾಡಿದ ಕನಕಪುರದಿಂದ ಗೆದ್ದು ಸದನಕ್ಕೆ ಬಂದರು.

ಆಯ್ಕೆಯಾದ ಈ ಬಗೆಯನ್ನು ನೆನಪಿಡಿ. ಹೆಗಡೆಯವರು ಹುಟ್ಟಿದ ಹವ್ಯಕರದು ರಾಜ್ಯದಲ್ಲಿ ಎಣಿಕೆಗೆ ಸಿಗುವಷ್ಟೂ ಇಲ್ಲದ ಸಮುದಾಯ. ಜಾತಿ ಬಲವಿಲ್ಲದ ನಾಯಕ ಎಂಬ ಕಾರಣಕ್ಕೇ ಲಿಂಗಾಯತ ಮತ್ತು ಒಕ್ಕಲಿಗ ಬಣಗಳೆರಡೂ ಅವರನ್ನು ಒಪ್ಪಿದವು. ಕೊನೆಗೆ ಒಂಟಿಯಾದದ್ದು ಏಕೆ ಎಂದು ಕೇಳಿದ್ದೀರಲ್ಲ, ಅದರ ಅರ್ಧ ಉತ್ತರ ಇಲ್ಲೇ ಇದೆ. ಎಲ್ಲರ ಒಪ್ಪಿಗೆಯ ಮೇಲೆ ನಿಂತವನಿಗೆ ಒಪ್ಪಿಗೆ ಹೋದ ದಿನ ಕಾಲೂರಲು ಸ್ವಂತ ನೆಲವಿರುವುದಿಲ್ಲ.

ಈಗ ಮೊದಲ ರಾಜೀನಾಮೆಗೆ ಬರೋಣ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು, ಡಿಸೆಂಬರ್ ಕೊನೆಯಲ್ಲಿ ಲೋಕಸಭಾ ಚುನಾವಣೆ ನಡೆಯಿತು. ರಾಜ್ಯದ 28 ಸ್ಥಾನಗಳಲ್ಲಿ ಕಾಂಗ್ರೆಸ್ 24 ಗೆದ್ದಿತು, ಜನತಾ ಪಕ್ಷಕ್ಕೆ ಉಳಿದದ್ದು 4. ಲೋಕಸಭೆಯಲ್ಲಿ ಸೋತರೆ ರಾಜ್ಯ ಸರ್ಕಾರ ಬಿಡಬೇಕೆಂದು ಸಂವಿಧಾನ ಎಲ್ಲಿಯೂ ಹೇಳುವುದಿಲ್ಲ. ಆದರೂ ಹೆಗಡೆ ಜನಾದೇಶ ಕಳೆದುಕೊಂಡೆವೆಂದು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸ ಚುನಾವಣೆ ಕೇಳಿದರು. 1985ರ ಮಾರ್ಚ್‌ನಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಗೆ ಒಬ್ಬರನ್ನು, ಬೆಂಗಳೂರಿಗೆ ಇನ್ನೊಬ್ಬರನ್ನು ಆರಿಸುವ ವಿವೇಕ ಹಳ್ಳಿಯ ಮತದಾರನಿಗೂ ಇದೆ ಎಂದು ದೇಶದ ರಾಜಕೀಯ ಪಂಡಿತರು ಇಂದಿಗೂ ಉದಾಹರಿಸುವುದು ಈ ಮೂರು ತಿಂಗಳ ಅಂತರವನ್ನೇ.

ಇದನ್ನು ನೈತಿಕತೆ ಎನ್ನಬೇಕೋ ಲೆಕ್ಕಾಚಾರ ಎನ್ನಬೇಕೋ? ಅವರ ಜಾಗದಲ್ಲಿ ನಿಂತು ನೋಡಿ. ಬಿಜೆಪಿ, ಎಡಪಕ್ಷ, ಪಕ್ಷೇತರರ ಬೆಂಬಲದ ಮೇಲೆ ಎರಡು ವರ್ಷ ನಡೆಸಿದ ಅಲ್ಪಮತದ ಸರ್ಕಾರ. ಪಕ್ಷಾಂತರ ನಿಷೇಧ ಕಾಯ್ದೆ ಜಾರಿಗೆ ಬಂದದ್ದೇ 1985ರ ಮಾರ್ಚ್‌ನಲ್ಲಿ. ಅದಕ್ಕೆ ಮುಂಚೆ ಶಾಸಕನೊಬ್ಬ ಬೆಳಗ್ಗೆ ಒಂದು ಪಕ್ಷ, ಸಂಜೆ ಒಂದು ಪಕ್ಷ ಎಂದು ಓಡಾಡಿದರೂ ಸ್ಥಾನಕ್ಕೆ ಧಕ್ಕೆಯಿರಲಿಲ್ಲ. ಪಕ್ಕದ ಆಂಧ್ರದಲ್ಲಿ 1984ರ ಆಗಸ್ಟ್‌ನಲ್ಲಿ ಎನ್.ಟಿ. ರಾಮರಾವ್ ಸರ್ಕಾರವನ್ನು ಉರುಳಿಸಿದ್ದು ಕಣ್ಣ ಮುಂದೆಯೇ ಇತ್ತು. ರಾಮರಾವ್ ತಮ್ಮ ಶಾಸಕರನ್ನು ಕಾಪಾಡಿಕೊಳ್ಳಲು ಕರೆತಂದದ್ದು ಕರ್ನಾಟಕಕ್ಕೆ, ಅವರು ತಂಗಿದ್ದು ನಂದಿಬೆಟ್ಟದಲ್ಲಿ. ರಾಜೀವ್ ಗಾಂಧಿ ಅಲೆಯ ಮಧ್ಯೆ ಸುಮ್ಮನೆ ಕೂತಿದ್ದರೆ ಹೆಗಡೆ ಸರ್ಕಾರವೂ ಒಬ್ಬೊಬ್ಬರೇ ಶಾಸಕರಾಗಿ ಸೋರಿಹೋಗುತ್ತಿತ್ತು ಎಂಬುದು ನನ್ನ ಅಂದಾಜು. ಹಾಗಾಗಿ ಅದು ಲೆಕ್ಕಾಚಾರ ಹೌದು. ಆದರೆ ಸೋಲುವ ಸಾಧ್ಯತೆ ನಿಜವಾಗಿಯೂ ಇದ್ದ ಲೆಕ್ಕಾಚಾರ, ತೀರ್ಪನ್ನು ಜನರ ಕೈಗೇ ಕೊಟ್ಟದ್ದು. ಕುರ್ಚಿಗೆ ವಾಪಸ್ ಬಂದರು ಎಂದು ಗೆಳೆಯರು ಮೂದಲಿಸುವ ಎರಡು ಸಂದರ್ಭಗಳಲ್ಲಿ ಇದನ್ನು ಸೇರಿಸುವುದು ಅನ್ಯಾಯ. ಗೆದ್ದು ಬಂದದ್ದಕ್ಕೂ ಹಿಂದೆಗೆದುಕೊಂಡದ್ದಕ್ಕೂ ಬಹಳ ಅಂತರವಿದೆ.

ಎರಡನೆಯದು ಹಿಂದೆಗೆದುಕೊಂಡದ್ದೇ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಗಳನ್ನು ಹಂಚಿದ ರೀತಿಯನ್ನು ಹೈಕೋರ್ಟ್ ಕಟುವಾಗಿ ಟೀಕಿಸಿತು. 1986ರ ಫೆಬ್ರುವರಿ 13ರಂದು ಹೆಗಡೆ ರಾಜೀನಾಮೆ ಕೊಟ್ಟರು. ಶಾಸಕರು ಒತ್ತಾಯಿಸಿದರು, ಬೆಂಬಲಿಗರು ಗೋಗರೆದರು, ಮೂರು ದಿನಕ್ಕೆ ರಾಜೀನಾಮೆ ವಾಪಸಾಯಿತು. ಇದರ ಬಗ್ಗೆ ಬಹಳ ಹೇಳಬೇಕಾಗಿಲ್ಲ. ನ್ಯಾಯಾಲಯ ಎತ್ತಿದ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಕಡತಗಳು. ಶಾಸಕರ ಪ್ರೀತಿ ಅದಕ್ಕೆ ಉತ್ತರವಾಗದು. ಈ ಪ್ರಸಂಗದಲ್ಲಿ ನಿಮ್ಮ ಗೆಳೆಯರ ಪರ ನಾನೂ ನಿಲ್ಲುತ್ತೇನೆ.

ಈಗ ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗ. ರಾಜೀನಾಮೆಗಳ ಗದ್ದಲದಲ್ಲಿ ಮುಚ್ಚಿಹೋದ ಕೆಲಸ ಇದು. 1983ರಲ್ಲಿ, ಅಲ್ಪಮತದಲ್ಲಿದ್ದಾಗಲೇ, ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ ಸಮಿತಿ, ಮಂಡಲ ಪಂಚಾಯತಿ ಮತ್ತು ನ್ಯಾಯ ಪಂಚಾಯತಿಗಳ ಮಸೂದೆಯನ್ನು ಸರ್ಕಾರ ತಂದಿತು. ರಾಷ್ಟ್ರಪತಿಯ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಇದರ ಹಿಂದಿದ್ದ ಜೀವ ಅಬ್ದುಲ್ ನಜೀರ್ ಸಾಬ್. ಬರದ ವರ್ಷಗಳಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ ಹಳ್ಳಿಯವರ ಬಾಯಲ್ಲಿ 'ನೀರು ಸಾಬ್' ಆದ ಮಂತ್ರಿ.

ಆ ವ್ಯವಸ್ಥೆ ಹೇಗಿತ್ತೆಂದು ಹತ್ತಿರದಿಂದ ನೋಡಿ, ಆಗ ಅದರ ಗಾತ್ರ ತಿಳಿಯುತ್ತದೆ. ಸುಮಾರು 8ರಿಂದ 12 ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯತಿ, ಅದಕ್ಕೊಬ್ಬ ಪ್ರಧಾನ, ಒಬ್ಬ ಉಪಪ್ರಧಾನ. ನಿಮ್ಮ ಕಡೆಯಂಥ ಮಲೆನಾಡಿನಲ್ಲಿ ಮನೆಗಳು ದೂರ ದೂರ ಇರುವುದರಿಂದ ಕಡಿಮೆ ಜನಸಂಖ್ಯೆಗೂ ಮಂಡಲ ಮಾಡಲು ಅವಕಾಶವಿತ್ತು. ಮೇಲೆ ಜಿಲ್ಲೆಗಳಿಗೆ ಜನರಿಂದಲೇ ನೇರವಾಗಿ ಆಯ್ಕೆಯಾದ ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಆಡಳಿತ ನಡೆಸಲು ಜಿಲ್ಲಾಧಿಕಾರಿಗಿಂತ ಹಿರಿಯರಾದ ಐಎಎಸ್ ಅಧಿಕಾರಿ, ಅವರ ಹುದ್ದೆಯ ಹೆಸರು ಮುಖ್ಯ ಕಾರ್ಯದರ್ಶಿ. ಬ್ರಿಟಿಷರ ಕಾಲದಿಂದ ಜಿಲ್ಲೆಯೆಂದರೆ ಡಿಸಿ ಸಾಹೇಬರು ಎಂದಿದ್ದ ಊರುಗಳಲ್ಲಿ, ಅವರಿಗಿಂತ ಹಿರಿಯ ಅಧಿಕಾರಿಯೊಬ್ಬರು ಜನ ಆರಿಸಿದ ಅಧ್ಯಕ್ಷರ ಕೆಳಗೆ ಕೆಲಸ ಮಾಡತೊಡಗಿದರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಪಶುವೈದ್ಯ, ಕೃಷಿ ಇಲಾಖೆಗಳ ಜಿಲ್ಲಾಮಟ್ಟದ ಸಿಬ್ಬಂದಿಯೂ ಹಣವೂ ಪರಿಷತ್ತಿನ ಅಡಿಗೆ ಬಂದವು. ಮೇಷ್ಟರ ವರ್ಗಾವಣೆಗೆ ವಿಧಾನಸೌಧದ ಮೆಟ್ಟಿಲು ಹತ್ತುತ್ತಿದ್ದ ಶಾಸಕರಿಗೆ ಇದು ಎಷ್ಟು ಇರುಸುಮುರುಸು ತಂದಿರಬೇಕು ಯೋಚಿಸಿ. ತಾಲ್ಲೂಕು ಸಮಿತಿಯ ಅಧ್ಯಕ್ಷತೆಯನ್ನು ಶಾಸಕರಿಗೇ ಬಿಟ್ಟುಕೊಟ್ಟದ್ದು ಆ ಸಿಟ್ಟನ್ನು ತಣಿಸಲಿಕ್ಕೆಂದೇ ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ವಿಷಯಕ್ಕೆ ಒತ್ತುಕೊಟ್ಟೇ ಹೇಳಬೇಕು. ಆ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಕೊಟ್ಟದ್ದು 1993ರಲ್ಲಿ, ಅದಕ್ಕೂ ಆರು ವರ್ಷ ಮುಂಚೆಯೇ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಮಂಡಲದ ಸಭೆಗೆ ಬಂದು ಕೂತಿದ್ದರು. ಗಂಡನೋ ಮೈದುನನೋ ಹೇಳಿದ ಕಡೆ ಹೆಬ್ಬೆಟ್ಟು ಒತ್ತಿದವರು ಅವರಲ್ಲಿ ಬಹಳ ಮಂದಿ ಎಂಬ ಟೀಕೆ ಆಗಲೂ ಇತ್ತು. ಇದ್ದಿರಬಹುದು. ಆದರೆ ಕೂರಲು ಕುರ್ಚಿಯೇ ಇಲ್ಲದಿದ್ದಾಗ ಯಾರ ಮಾತು ಕೇಳಿ ಕೂತರು ಎಂಬ ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ನಜೀರ್ ಸಾಬ್ 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಮೈಸೂರಿನಲ್ಲಿದೆ. ಮುಂದೆ ಬಂದ ಸರ್ಕಾರ 1992ರಲ್ಲಿ ಅವಧಿ ಮುಗಿದ ಸಂಸ್ಥೆಗಳಿಗೆ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಇವತ್ತಿನ ಜಿಲ್ಲಾ ಪಂಚಾಯಿತಿಗೆ ಆ ಕಾಲದ ಪರಿಷತ್ತಿನ ಗತ್ತು ಇಲ್ಲ ಎಂದು ಹಳಬರು ಕೊರಗುವುದರಲ್ಲಿ ನಿಜವಿದೆ.

ಲೋಕಾಯುಕ್ತವೂ ಇದೇ ಸಾಲಿನದು. 1984ರ ಕಾಯ್ದೆ, 1986ರಿಂದ ಕೆಲಸ ಶುರು. ಮುಖ್ಯಮಂತ್ರಿಯೂ ಅದರ ವ್ಯಾಪ್ತಿಗೆ ಬರುತ್ತಾರೆ. ಕಾಲು ಶತಮಾನದ ನಂತರ, 2011ರ ಜುಲೈಯಲ್ಲಿ, ಗಣಿ ಕುರಿತ ಲೋಕಾಯುಕ್ತ ವರದಿ ಬಂದಾಗ ಹಾಲಿ ಮುಖ್ಯಮಂತ್ರಿ ಯಡಿಯೂರಪ್ಪ ಅಧಿಕಾರ ಬಿಡಬೇಕಾಯಿತು. 2016ರಲ್ಲಿ ಎಸಿಬಿ, ಅಂದರೆ ಭ್ರಷ್ಟಾಚಾರ ನಿಗ್ರಹ ದಳ ರಚಿಸಿ ಅದರ ಹಲ್ಲು ಕಿತ್ತದ್ದೂ, 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಹಳೆಯ ಅಧಿಕಾರ ಮರಳಿಸಿದ್ದೂ ನಿಮಗೆ ಗೊತ್ತಿರುವ ಈಚಿನ ಸುದ್ದಿ. ಕೇಂದ್ರದ ಎದುರು ರಾಜ್ಯಗಳ ದನಿಯನ್ನು ಒಟ್ಟುಗೂಡಿಸುವ ಕೆಲಸದಲ್ಲೂ ಹೆಗಡೆ ಮುಂದಿದ್ದರು. ಅಧಿಕಾರಕ್ಕೆ ಬಂದ ಎರಡೇ ತಿಂಗಳಲ್ಲಿ, 1983ರ ಮಾರ್ಚ್‌ನಲ್ಲಿ, ದಕ್ಷಿಣದ ಮುಖ್ಯಮಂತ್ರಿಗಳ ಸಭೆಯನ್ನು ಬೆಂಗಳೂರಿನಲ್ಲಿ ಕರೆದರು. ಅದಾಗಿ ಕೆಲವೇ ದಿನಕ್ಕೆ ಕೇಂದ್ರ-ರಾಜ್ಯ ಸಂಬಂಧ ಪರಿಶೀಲಿಸಲು ಸರ್ಕಾರಿಯಾ ಆಯೋಗವನ್ನು ಇಂದಿರಾ ಗಾಂಧಿ ಪ್ರಕಟಿಸಿದರು.

ಇಷ್ಟೆಲ್ಲ ಮಾಡಿದ ಮನುಷ್ಯನ ಸರ್ಕಾರದಲ್ಲಿ ಫೋನ್ ಕದ್ದಾಲಿಕೆ ನಡೆಯಿತು. ಇದಕ್ಕೆ ಯಾವ ಸಮಜಾಯಿಷಿಯನ್ನೂ ನಾನು ಒಪ್ಪುವುದಿಲ್ಲ.

1988ರ ಹೊತ್ತಿಗೆ ಜನತಾ ಪಕ್ಷದೊಳಗೆ ಹೆಗಡೆ ಮತ್ತು ದೇವೇಗೌಡರ ನಡುವಿನ ಬಿರುಕು ಬೀದಿಗೆ ಬಂದಿತ್ತು. ದೇವೇಗೌಡ ಮತ್ತು ಉತ್ತರ ಪ್ರದೇಶದ ನಾಯಕ ಅಜಿತ್ ಸಿಂಗ್ ನಡುವಿನ ಫೋನ್ ಮಾತುಕತೆ ಪತ್ರಿಕೆಯಲ್ಲಿ ಅಚ್ಚಾದಾಗ, ಇದು ಹೊರಬಂದದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಸುಬ್ರಮಣಿಯನ್ ಸ್ವಾಮಿ ಆರೋಪ ಮಾಡಿದರು. ಕೊನೆಗೆ ಕೇಂದ್ರ ಸಂಪರ್ಕ ಸಚಿವ ಬೀರ್ ಬಹದ್ದೂರ್ ಸಿಂಗ್, ಕರ್ನಾಟಕದಲ್ಲಿ ಯಾರ ಯಾರ ಫೋನ್ ಆಲಿಸಲಾಗಿತ್ತು ಎಂಬ ಪಟ್ಟಿಯನ್ನೇ ಹೊರಗಿಟ್ಟರು. ವಿರೋಧಿಗಳು, ಪತ್ರಕರ್ತರು, ಸ್ವಂತ ಪಕ್ಷದವರು ಎಲ್ಲರೂ ಅದರಲ್ಲಿದ್ದರು.

ಪಟ್ಟಿ ದೆಹಲಿಯ ಕೈಗೆ ಸಿಕ್ಕಿದ್ದು ಹೇಗೆಂದು ಅನೇಕರು ಕೇಳುತ್ತಾರೆ. ಆಗ ದೇಶದ ಟೆಲಿಫೋನ್ ಎಲ್ಲವೂ ಕೇಂದ್ರ ಸರ್ಕಾರದ ಇಲಾಖೆಯದು. ರಾಜ್ಯದ ಪೊಲೀಸರಿಗೆ ಯಾರ ಮಾತಾದರೂ ಕೇಳಬೇಕೆಂದರೆ 1885ರ ಟೆಲಿಗ್ರಾಫ್ ಕಾಯ್ದೆಯ 5ನೇ ಕಲಂ ಉಲ್ಲೇಖಿಸಿ ಟೆಲಿಫೋನ್ ಇಲಾಖೆಗೆ ಲಿಖಿತ ಆದೇಶ ಕೊಡಬೇಕಿತ್ತು, ವಿನಿಮಯ ಕೇಂದ್ರದಲ್ಲಿ ಆ ಲೈನಿಗೆ ಇನ್ನೊಂದು ಲೈನ್ ಜೋಡಿಸುತ್ತಿದ್ದರು. ಅಂದರೆ ಪ್ರತಿಯೊಂದು ಕದ್ದಾಲಿಕೆಗೂ ಒಂದು ಕಾಗದ ಹುಟ್ಟುತ್ತಿತ್ತು, ಆ ಕಾಗದ ಇರುತ್ತಿದ್ದದ್ದು ಕೇಂದ್ರದ ಕಡತದಲ್ಲಿ. ಕಾಂಗ್ರೆಸ್ ಸರ್ಕಾರ ಅದನ್ನು ರಾಜಕೀಯಕ್ಕೆ ಬಳಸಿಕೊಂಡಿತು, ಸಂಶಯವಿಲ್ಲ. ಹೆಗಡೆ ಆ ಹೊತ್ತಿಗೆ ರಾಜೀವ್ ಗಾಂಧಿಗೆ ಎದುರಾಳಿಯಾಗಿ ಬೆಳೆದಿದ್ದರು. ಆದರೆ ಪಟ್ಟಿಯನ್ನು ಹೊರಹಾಕಿದವರ ಉದ್ದೇಶ ಕೆಟ್ಟದ್ದೆಂಬ ಕಾರಣಕ್ಕೆ ಪಟ್ಟಿ ಸುಳ್ಳಾಗುವುದಿಲ್ಲ.

ಆದೇಶಗಳು ಪೊಲೀಸ್ ಅಧಿಕಾರಿಗಳ ಹಂತದಲ್ಲಿ ಆದವು, ತಾವು ಹೇಳಿ ಮಾಡಿಸಿದ್ದಲ್ಲ ಎಂದು ಹೆಗಡೆ ವಾದಿಸಿದರು. ನೈತಿಕ ಹೊಣೆ ಹೊತ್ತು 1988ರ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಈ ಸಲ ವಾಪಸ್ ಬರಲಿಲ್ಲ. ಮುಂದೆಂದೂ ಅವರು ಆ ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಮ್ಮ ತಂದೆಯವರು ಹೇಳುವ 'ಆರೋಪ ಬಂದ ಕೂಡಲೇ ಕುರ್ಚಿ ಬಿಟ್ಟವರು' ಎಂಬ ಮಾತು ಪೂರ್ತಿಯಾಗಿ ಹೊಂದುವುದು ಈ ಒಂದಕ್ಕೆ. ಇತರ ಎಷ್ಟೋ ಮುಖ್ಯಮಂತ್ರಿಗಳು ಇದಕ್ಕಿಂತ ದೊಡ್ಡದನ್ನು ಜೀರ್ಣಿಸಿಕೊಂಡು ಕೂತಿದ್ದನ್ನು ನೋಡಿದವರಿಗೆ ಆ ಗೌರವ ಹುಟ್ಟುವುದು ಸಹಜ. ಆದರೂ ರಾಜೀನಾಮೆಯಿಂದ ಮಾಡಿದ್ದು ಅಳಿಸಿಹೋಗದು. ಹಳ್ಳಿಯ ಸಾಮಾನ್ಯ ಸದಸ್ಯನ ಕೈಗೆ ಅಧಿಕಾರ ಕೊಟ್ಟ ಸರ್ಕಾರವೇ ತನ್ನ ಮಂತ್ರಿಮಂಡಲದ ಸಹೋದ್ಯೋಗಿಗಳ ಮೇಲೆ ಕಿವಿಯಿಟ್ಟು ಕೂತಿತ್ತು ಎಂಬುದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಕಾನೂನಿನ ಮಾತು ಸ್ವಲ್ಪ ಸೇರಿಸುತ್ತೇನೆ. ಫೋನ್ ಆಲಿಕೆಗೆ ಬಿಗಿಯಾದ ವಿಧಿವಿಧಾನಗಳನ್ನು ಸುಪ್ರೀಂ ಕೋರ್ಟ್ ಹಾಕಿಕೊಟ್ಟದ್ದು 1996ರ ಡಿಸೆಂಬರ್‌ನಲ್ಲಿ, ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ. ಗೃಹ ಕಾರ್ಯದರ್ಶಿಯೇ ಆದೇಶ ಕೊಡಬೇಕು, ಪರಿಶೀಲನಾ ಸಮಿತಿ ಇರಬೇಕು, ಅವಧಿ ನಿಗದಿಯಾಗಬೇಕು ಎಂಬುದೆಲ್ಲ ಆಗ ಬಂತು. 1988ರಲ್ಲಿ ಇಂಥ ತಡೆಗಳಿರಲಿಲ್ಲ. ತಡೆಗಳು ಬಂದ ಮೇಲೂ ರೋಗ ವಾಸಿಯಾಗಿಲ್ಲ. 2019ರಲ್ಲಿ ರಾಜ್ಯದಲ್ಲಿ ಮತ್ತೆ ಕದ್ದಾಲಿಕೆಯ ಆರೋಪ ಎದ್ದು ತನಿಖೆ ಸಿಬಿಐಗೆ ಹೋದದ್ದು ನೆನಪಿರಬಹುದು.

ಈಗ ಜಮೀನಿನ ವಿಷಯ, ಮತ್ತು ನಾನು ಮೊದಲೇ ಹೇಳಿದ ನಾಲ್ಕನೆಯ ರಾಜೀನಾಮೆ. ಅನಿವಾಸಿ ಭಾರತೀಯರಿಗೆ ವಸತಿ ಎಂಬ ಯೋಜನೆಯ ಹೆಸರಿನಲ್ಲಿ ಬೆಂಗಳೂರಿನ ಹೊರವಲಯದ ಜಮೀನನ್ನು ಖಾಸಗಿ ಬಿಲ್ಡರ್ ಸಂಸ್ಥೆಯೊಂದಕ್ಕೆ ಅನುಕೂಲವಾಗುವಂತೆ ಒದಗಿಸಲು ಹೊರಟರು ಎಂಬುದು ಆರೋಪ. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ ವಿಚಾರಣೆ ನಡೆಸಿತು. ಅಷ್ಟರಲ್ಲಿ ದೆಹಲಿಯಲ್ಲಿ ಸರ್ಕಾರ ಬದಲಾಗಿ, ವಿ.ಪಿ. ಸಿಂಗ್ ಪ್ರಧಾನಿಯಾಗಿ, ಹೆಗಡೆ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದರು. 1990ರಲ್ಲಿ ಬಂದ ವರದಿ ಜಮೀನಿನ ವಿಷಯದಲ್ಲಿ ಅವರ ಮೇಲೆ ದೋಷ ಹೊರಿಸಿತು. ಹೆಗಡೆ ಆ ಹುದ್ದೆ ಬಿಟ್ಟರು.

ವಿಚಾರಣಾ ಆಯೋಗದ ವರದಿ ನ್ಯಾಯಾಲಯದ ತೀರ್ಪಲ್ಲ, ಅದರಿಂದ ಯಾರೂ ಅಪರಾಧಿ ಎನಿಸುವುದಿಲ್ಲ. ಯಾವ ನ್ಯಾಯಾಲಯವೂ ಹೆಗಡೆಯವರಿಗೆ ಶಿಕ್ಷೆ ವಿಧಿಸಲಿಲ್ಲ ಎಂಬುದನ್ನು ಗೆಳೆಯರಿಗೆ ಹೇಳಿ. ಆದರೆ ಬೆಂಗಳೂರಿನ ಸುತ್ತಲಿನ ಜಮೀನನ್ನು ಸಾರ್ವಜನಿಕ ಉದ್ದೇಶವೆಂದು ರೈತರಿಂದ ತೆಗೆದುಕೊಂಡು ಖಾಸಗಿಯವರಿಗೆ ದಾಟಿಸುವ ದಾರಿ ಮುಂದಿನ ಮೂರು ದಶಕ ನಮ್ಮ ರಾಜಕಾರಣವನ್ನು ಎಷ್ಟು ಕೆಡಿಸಿತು ಎಂದು ನೋಡಿದಾಗ, ಮೌಲ್ಯದ ಮಾತಾಡಿದ ಮುಖ್ಯಮಂತ್ರಿಯ ಕಾಲದಲ್ಲಿ ಆ ಪ್ರಶ್ನೆ ಏಳಬಾರದಿತ್ತು ಅನ್ನಿಸುತ್ತದೆ. ಈ ವಿಷಯ ಮನೆಯ ಚರ್ಚೆಗಳಲ್ಲಿ ಬರುವುದೇ ಕಡಿಮೆ, ಕದ್ದಾಲಿಕೆಯ ಸದ್ದು ಇದನ್ನು ಮುಳುಗಿಸಿಬಿಟ್ಟಿದೆ.

ಒಂಟಿಯಾದದ್ದು ಏಕೆ ಎಂಬ ನಿಮ್ಮ ಕೊನೆಯ ಪ್ರಶ್ನೆ. ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್ 21ರಂದು ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ ಪ್ರಸಿದ್ಧ ತೀರ್ಪು ಹುಟ್ಟಿದ್ದು ಅದರಿಂದ, ಆದರೆ ಅದು ಬಂದದ್ದು 1994ರಲ್ಲಿ. 1989ರ ಕೊನೆಯ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದು, ಹೆಗಡೆಯವರ ಹಳೆಯ ಜೋಡಿ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತ ಹೆಗಡೆ ಸೋತದ್ದು ಸಿದ್ದು ನ್ಯಾಮಗೌಡರ ಎದುರು. ರೈತರನ್ನು ಕೂಡಿಸಿಕೊಂಡು ಕೃಷ್ಣಾ ನದಿಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿಸಿ 'ಬ್ಯಾರೇಜ್ ಸಿದ್ದು' ಎನಿಸಿಕೊಂಡ ಸ್ಥಳೀಯ ನಾಯಕ ಅವರು. ಹಳ್ಳಿಗೆ ಅಧಿಕಾರ ಕೊಡಬೇಕೆಂದು ಕಾನೂನು ಮಾಡಿದವರು, ಸ್ವಂತ ಬಲದಿಂದ ಹಳ್ಳಿಯ ಕೆಲಸ ಮಾಡಿ ತೋರಿಸಿದವರ ಎದುರು ಸೋತರು.

1994ರಲ್ಲಿ, ಜನತಾ ಪಕ್ಷವೂ ಸೇರಿ ಹುಟ್ಟಿದ್ದ ಜನತಾದಳ 115 ಸ್ಥಾನ ಗೆದ್ದಿತು, ಕುರ್ಚಿ ದೇವೇಗೌಡರಿಗೆ ಹೋಯಿತು. ಒಕ್ಕಲಿಗರ ಬಲ, ನೀರಾವರಿ ಖಾತೆಯಲ್ಲಿ ವರ್ಷಗಟ್ಟಲೆ ದುಡಿದು ಗಳಿಸಿದ ರೈತರ ನಂಟು, ತಾಲ್ಲೂಕು ತಾಲ್ಲೂಕಿನಲ್ಲಿ ಹೆಸರಿಟ್ಟು ಕರೆಯುವಷ್ಟು ಕಾರ್ಯಕರ್ತರು, ಇವೆಲ್ಲ ಗೌಡರಿಗಿದ್ದವು. ಹೆಗಡೆಯವರಿಗಿದ್ದದ್ದು ವರ್ಚಸ್ಸು, ದೆಹಲಿಯ ಗೆಳೆಯರು, ಪತ್ರಿಕೆಗಳ ಪ್ರೀತಿ. ವರ್ಚಸ್ಸಿಗೆ ಒಮ್ಮೆ ಕಲೆ ಹತ್ತಿದ ಮೇಲೆ ಆಸರೆಗೆ ಬೇರೇನೂ ಉಳಿಯಲಿಲ್ಲ. 1996ರ ಜೂನ್‌ನಲ್ಲಿ ದೇವೇಗೌಡರು ಪ್ರಧಾನಿಯಾದರು, ಅದೇ ತಿಂಗಳು ಹೆಗಡೆಯವರನ್ನು ಜನತಾದಳದಿಂದ ಉಚ್ಚಾಟಿಸಲಾಯಿತು. ಎಪ್ಪತ್ತರ ಹೊಸ್ತಿಲಲ್ಲಿದ್ದ ನಾಯಕನನ್ನು, ತಾನು ಕಟ್ಟಿದ ಪಕ್ಷದಿಂದ, ಮಾತಿಗೂ ಕರೆಯದೆ ಹೊರಹಾಕಿದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆ ನೋವೇ ಅವರ ಮುಂದಿನ ಹೆಜ್ಜೆಯನ್ನು ನಿರ್ಧರಿಸಿತು.

ಲೋಕಶಕ್ತಿ ಎಂಬ ಪಕ್ಷ ಕಟ್ಟಿ 1998ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿ ಜೊತೆ ಹೊಂದಾಣಿಕೆ ಮಾಡಿಕೊಂಡರು. ಬಿಜೆಪಿಗೆ 13, ಲೋಕಶಕ್ತಿಗೆ 3, ಒಟ್ಟು 28ರಲ್ಲಿ 16. ಹೆಗಡೆ ವಾಜಪೇಯಿ ಸರ್ಕಾರದಲ್ಲಿ ವಾಣಿಜ್ಯ ಸಚಿವರಾದರು. 1999ರಲ್ಲಿ ಆಗಿನ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಜನತಾದಳ ಬಣ ಮತ್ತು ಲೋಕಶಕ್ತಿ ಸಂಯುಕ್ತ ಜನತಾದಳದಲ್ಲಿ ಒಂದಾದವು. ಆ ವರ್ಷದ ಹೊಸ ಮಂತ್ರಿಮಂಡಲದಲ್ಲಿ ಹೆಗಡೆಯವರಿಗೆ ಜಾಗ ಸಿಗಲಿಲ್ಲ. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಈ ಹೊಂದಾಣಿಕೆಯ ಪರಿಣಾಮವನ್ನು ಅಭಿಮಾನಿಗಳು ಹೇಳುವುದಿಲ್ಲ, ವಿರೋಧಿಗಳಿಗೂ ಅದು ನೆನಪಿಲ್ಲ. ಉತ್ತರ ಕರ್ನಾಟಕದ ಲಿಂಗಾಯತರು ಹೆಗಡೆಯವರನ್ನು ತಮ್ಮವರೆಂದೇ ನಂಬಿದ್ದರು. ಜನತಾ ಪರಿವಾರದ ಆ ಮತಗಳಿಗೆ ಬಿಜೆಪಿಯ ಬಾಗಿಲು ದೊಡ್ಡದಾಗಿ ತೆರೆದದ್ದು 1998ರಲ್ಲಿ, ಹೆಗಡೆಯವರ ಕೈಹಿಡಿದು. ಲೋಕಶಕ್ತಿ ಕರಗಿದ ಮೇಲೆ ಆ ಮತಗಳಲ್ಲಿ ಬಹುಪಾಲು ಹಳೆಯ ಮನೆಗೆ ಮರಳಲಿಲ್ಲ. 2008ರಲ್ಲಿ ರಾಜ್ಯದಲ್ಲಿ ಬಿಜೆಪಿ ಸ್ವಂತ ನಾಯಕತ್ವದ ಸರ್ಕಾರ ರಚಿಸಿದಾಗ ಅದರ ಬೆನ್ನಿಗಿದ್ದ ಉತ್ತರದ ಜಿಲ್ಲೆಗಳ ಬೆಂಬಲದಲ್ಲಿ ಈ ವಲಸೆಯ ಪಾಲು ದೊಡ್ಡದು. ಮಂಡಲ ಪಂಚಾಯತಿ, ಲೋಕಾಯುಕ್ತ, ಕದ್ದಾಲಿಕೆ, ಜಮೀನು ಇವುಗಳ ಜೊತೆಗೆ ಇದನ್ನೂ ಅವರ ಲೆಕ್ಕದಲ್ಲೇ ಬರೆದುಕೊಳ್ಳಬೇಕು.